ಪಯೋಗ್ಲಿಟಾಜೋನ್: ಇಲಿಯ ಮೂತ್ರಕೋಶದ ಲೆಕ್ಕ ನಮಗೂ ಹೊಂದುತ್ತಾ?

ಪ್ರಶ್ನೆ (ಬಿ.ಫಾರ್ಮಾ ವಿದ್ಯಾರ್ಥಿ): ಮೇಡಂ, ನಮ್ಮ ತಂದೆ ಶುಗರ್‌ಗೆ ಪಯೋಗ್ಲಿಟಾಜೋನ್ ತಗೋತಾರೆ. ಪ್ಯಾಕಿನೊಳಗಿನ ಚೀಟಿಯಲ್ಲಿ ಮೂತ್ರಕೋಶದ ಕ್ಯಾನ್ಸರ್ ಅಂತ ಓದಿ ಗಾಬರಿಯಾಗಿದ್ದಾರೆ. "ಅದು ಇಲಿಗೆ ಮಾತ್ರ, ಮನುಷ್ಯರ ಮೂತ್ರಕೋಶದಲ್ಲಿ ಈ ಮಾತ್ರೆ ಹಿಡಿದುಕೊಳ್ಳುವ ರಿಸೆಪ್ಟರೇ (ಕೋಶದಲ್ಲಿ ಔಷಧ ಅಂಟಿಕೊಳ್ಳುವ ಪ್ರೋಟೀನ್) ಇಲ್ಲ" ಅಂತಾರೆ ನಮ್ಮ ಸೀನಿಯರ್. ನಿಜಾನಾ?

ಉತ್ತರ (ಔಷಧಶಾಸ್ತ್ರ ಪ್ರಾಧ್ಯಾಪಕಿ): ಇಲ್ಲಪ್ಪ, ತಪ್ಪು. ಈ ಮಾತ್ರೆ ಹಿಡಿದುಕೊಳ್ಳುವ ಪಿಪಿಎಆರ್-ಗಾಮಾ ಎಂಬ ನ್ಯೂಕ್ಲಿಯರ್ ರಿಸೆಪ್ಟರ್ (ಜೀನ್‌ಗಳ ಕೆಲಸ ನಿಯಂತ್ರಿಸುವ ರಿಸೆಪ್ಟರ್) ಇಲಿಯ ಮೂತ್ರಕೋಶದ ಒಳಪದರದಲ್ಲೂ ಇದೆ, ನಮ್ಮದರಲ್ಲೂ ಇದೆ. ನಿಮ್ಮ ಸೀನಿಯರ್ ಬಹುಶಃ ಲಿವರ್ ಕಥೆಯನ್ನು ಇಲ್ಲಿಗೆ ತಂದಿದ್ದಾರೆ. ಅಲ್ಲಿ ಇದರ ಸೋದರ ರಿಸೆಪ್ಟರ್ ಪಿಪಿಎಆರ್-ಆಲ್ಫಾ ಇಲಿಗಳಲ್ಲಿ ಮನುಷ್ಯರಿಗಿಂತ ಬಹಳ ಹೆಚ್ಚು. ರಕ್ತದ ಕೊಬ್ಬು ಇಳಿಸುವ ಫೈಬ್ರೇಟ್ ಮಾತ್ರೆಗಳಿಂದ ಇಲಿಗೆ ಲಿವರ್ ಗೆಡ್ಡೆ ಬಂದಾಗ "ಅದು ಇಲಿಗೆ ಮಾತ್ರ" ಎಂಬ ವಾದ ಒಪ್ಪುವಂಥದ್ದಾಗಿತ್ತು. ಗಾಮಾಕ್ಕೆ ನಡೆಯಲ್ಲ.

ವಿದ್ಯಾರ್ಥಿ: ಹಾಗಾದ್ರೆ ಇಲಿಗೆ ಬಂದದ್ದು ನಮಗೂ ಬರಬೇಕಲ್ವಾ?

ಉತ್ತರ: ಪಯೋಗ್ಲಿಟಾಜೋನ್ ಕೊಟ್ಟಾಗ ಮೂತ್ರಕೋಶದ ಗೆಡ್ಡೆ ಬಂದದ್ದು ರ‍್ಯಾಟ್ ಎನ್ನುವ ದೊಡ್ಡ ಇಲಿಗಳ ಗಂಡುಗಳಲ್ಲಿ. ಹೆಣ್ಣು ರ‍್ಯಾಟ್‌ಗಳಲ್ಲಿ ಇಲ್ಲ, ಮೌಸ್ ಎನ್ನುವ ಚಿಕ್ಕ ಜಾತಿಯಲ್ಲೂ ಇಲ್ಲ. ರಿಸೆಪ್ಟರ್ ಒಂದೇ ಕಾರಣವಾಗಿದ್ದರೆ ಹೀಗೆ ಆಗುತ್ತಿತ್ತಾ?

ಗಾಮಾವನ್ನೇ ಹಿಡಿಯುವ ಇನ್ನೊಂದು ಔಷಧ ಮುರಾಗ್ಲಿಟಾಜಾರ್ ಮೇಲಿನ ಪ್ರಯೋಗ ನೋಡಿ. ಗಂಡು ರ‍್ಯಾಟ್‌ಗಳ ಮೂತ್ರದಲ್ಲಿ ಕ್ಯಾಲ್ಸಿಯಂ ಬೆರೆತ ಹರಳುಗಳು ಕಟ್ಟಿ ಒಳಪದರವನ್ನು ಉಜ್ಜುತ್ತಿದ್ದವು. ಗಾಯ, ಮತ್ತೆ ಹೊಸ ಕೋಶ, ಮತ್ತೆ ಗಾಯ. ನಾಲ್ಕು ಕಾಲಿನ ಪ್ರಾಣಿಯಲ್ಲಿ ಹರಳು ಹೊಟ್ಟೆಯ ಕಡೆಯ ಗೋಡೆಗೆ ಇಳಿಯುತ್ತೆ, ಗೆಡ್ಡೆಯೂ ಹೆಚ್ಚಾಗಿ ಅಲ್ಲೇ. ಆಹಾರಕ್ಕೆ ಅಮೋನಿಯಂ ಕ್ಲೋರೈಡ್ ಸೇರಿಸಿ ಮೂತ್ರವನ್ನು ಆಮ್ಲೀಯ ಮಾಡಿದಾಗ ಹರಳೂ ಇಲ್ಲ, ಗೆಡ್ಡೆಯೂ ಇಲ್ಲ. ಅಷ್ಟೇ ಅಲ್ಲ, ಆಮ್ಲ ಹೆಚ್ಚಿದರೂ ಒಳಪದರದಲ್ಲಿ ರಿಸೆಪ್ಟರಿನ ಕೆಲಸ ಬದಲಾಗಲಿಲ್ಲ. ಗೆಡ್ಡೆಗೆ ಹರಳೇ ಕಾರಣ ಎನ್ನಲು ನನಗೆ ಇದೇ ದೊಡ್ಡ ಸಾಕ್ಷಿ.

ಇನ್ನೊಬ್ಬ ಸದಸ್ಯರು: ಅಂದರೆ ಮನುಷ್ಯರಿಗೆ ಭಯವೇ ಇಲ್ಲ ಅಂತಲಾ? 2013ರಲ್ಲಿ ಭಾರತದಲ್ಲಿ ಈ ಮಾತ್ರೆ ಬ್ಯಾನ್ ಮಾಡಿದ್ರಲ್ಲ?

ಉತ್ತರ: ಅಷ್ಟು ಸಲೀಸಾಗಿ ಬಿಡೋಕಾಗಲ್ಲ. ಲ್ಯಾಬಿನಲ್ಲಿ ಮನುಷ್ಯರ ಆರೋಗ್ಯವಂತ ಕೋಶಗಳಲ್ಲಿ, ಬೆಳವಣಿಗೆಯ ಸಂಕೇತವನ್ನು ತಡೆದು ಗಾಮಾವನ್ನು ಚುರುಕುಗೊಳಿಸಿದರೆ, ಕೋಶ ಪಕ್ವವಾಗುತ್ತೆ. ಇದು ಒಳ್ಳೆ ಲಕ್ಷಣ. ಆದರೆ ಮೂತ್ರಕೋಶದ ಕೆಲವು ಕ್ಯಾನ್ಸರ್‌ಗಳಲ್ಲಿ ಈ ಗಾಮಾದ ಜೀನಿನ ಪ್ರತಿಗಳು ಹೆಚ್ಚಿರುತ್ತವೆ. ಅಮೆರಿಕದಲ್ಲಿ ಸುಮಾರು 1.93 ಲಕ್ಷ ಜನರ ಮೇಲಿನ ಅಧ್ಯಯನದಲ್ಲಿ (2015) ಈ ಮಾತ್ರೆಗೂ ಮೂತ್ರಕೋಶದ ಕ್ಯಾನ್ಸರಿಗೂ ಗಟ್ಟಿ ಸಂಬಂಧ ಕಾಣಲಿಲ್ಲ. 2016ರ ಬ್ರಿಟನ್ ಅಧ್ಯಯನದಲ್ಲಿ ಕಂಡಿತು. ಫ್ರಾನ್ಸ್ 2011ರಲ್ಲೇ ಮಾರಾಟ ನಿಲ್ಲಿಸಿತ್ತು. ನಮ್ಮಲ್ಲಿ 2013ರ ಜೂನ್‌ನಲ್ಲಿ ಹಾಕಿದ ನಿಷೇಧವನ್ನು ಜುಲೈ ಕೊನೆಗೇ ತೆಗೆದು, ಎಚ್ಚರಿಕೆ ಮುದ್ರಿಸಬೇಕೆಂದರು. ನಿಮ್ಮ ತಂದೆ ಓದಿದ್ದು ಅದನ್ನೇ.

ಅವರು ತಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ. ಹಿಂದೆ ಮೂತ್ರಕೋಶದ ಕ್ಯಾನ್ಸರ್ ಆಗಿದ್ದರೆ ಅಥವಾ ಬೀಡಿ, ಸಿಗರೇಟು ಸೇದುವವರಾದರೆ ಡಾಕ್ಟರಿಗೆ ಹೇಳಲಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತಕ್ಷಣ ತೋರಿಸಿ.