ಮಾರ್ಚ್ ಬಂದದ್ದೇ ಅಳಿವೆಯಲ್ಲಿ ಮೀನು ಕಚ್ಚುವುದು ನಿಂತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಬ್ರಹ್ಮಾವರ_ಗಾಳ
ಎಲ್ಲರಿಗೂ ನಮಸ್ಕಾರ. ನಾನು ಗಾಳ ಹಿಡಿಯಲು ಶುರು ಮಾಡಿದ್ದು ಕಳೆದ ನವೆಂಬರಿನಲ್ಲಿ. ಕೋಡಿ ಬೇಂಗ್ರೆಯ ಒಳಬದಿಯಲ್ಲಿ, ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಜಾಗದಿಂದ ಸ್ವಲ್ಪ ಮೇಲೆ ನಿಲ್ಲುತ್ತೇನೆ. ಜನವರಿ ತನಕ ಪ್ರತಿ ಭಾನುವಾರ ಎಂಟರಿಂದ ಹನ್ನೊಂದರೊಳಗೆ ಒಂದಾದರೂ ಕೆಂಬೇರಿ ಮೀನು ಸಿಗುತ್ತಿತ್ತು. ಮಾರ್ಚ್ ಎರಡನೇ ವಾರದಿಂದ ಐದು ಭಾನುವಾರ ಬರಿಗೈ. ಅದೇ ಜಾಗ, ಅದೇ ಹೊತ್ತು, ಅದೇ ಬಿಳಿ ಸಾಫ್ಟ್ ಪ್ಲಾಸ್ಟಿಕ್ ಲೂರ್ (ಮೆತ್ತಗಿನ ನಕಲಿ ಮೀನು), 40 ಪೌಂಡ್ ಲೀಡರ್ (ಗಾಳಕ್ಕೆ ಕಟ್ಟುವ ಕೊನೆಯ ದಾರ). ನೀರು ಎಷ್ಟು ತಿಳಿ ಅಂದರೆ ತಳದ ಚಿಪ್ಪು ಕಾಣುತ್ತದೆ. ಜೀವಂತ ಸಿಗಡಿ ಹಾಕೋಣ ಅಂದರೆ ಅರ್ಧ ಗಂಟೆಯಲ್ಲಿ ಬಕೆಟ್ಟಿನಲ್ಲೇ ಸಾಯುತ್ತವೆ. ವಸಂತದಲ್ಲಿ ನೀರು ಬೆಚ್ಚಗಾದರೆ ಮೀನು ಚುರುಕಾಗುತ್ತದೆ ಎಂದು ಎಲ್ಲ ವಿಡಿಯೋಗಳಲ್ಲೂ ಹೇಳುತ್ತಾರೆ. ಇಲ್ಲಿ ಉಲ್ಟಾ ಯಾಕೆ?

ಹಂಗಾರಕಟ್ಟೆ_ದಡ
ಕಡಲಿನ ಏರಿಳಿತ, ಅಂದರೆ ಭರತ, ಇಳಿತ ನೋಡಿ ಹೋಗುತ್ತೀರಾ? ನಿಲ್ಲುವ ಕಡೆ ಆಳ ಎಷ್ಟು?

ಬ್ರಹ್ಮಾವರ_ಗಾಳ
ನೋಡುವುದಿಲ್ಲ ಅಣ್ಣ. ರಜೆ ಇರುವುದೇ ಭಾನುವಾರ. ಆಳ ಸೊಂಟದ ಮಟ್ಟ, ಕೆಸರು ತಳ.

ಹಂಗಾರಕಟ್ಟೆ_ದಡ
ಉತ್ತರ ನಿಮ್ಮ ಬಕೆಟ್ಟಿನಲ್ಲೇ ಉಂಟು ಮಾರಾಯ್ರೆ. ಸಿಗಡಿ ಯಾಕೆ ಸತ್ತವು? ನೀರು ಬಿಸಿಯಾದ ಹಾಗೆ ಅದರಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯ ಕಡಲ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ, 32 ಡಿಗ್ರಿಯಲ್ಲಿ 6ರ ಆಸುಪಾಸು. ಅದೇ ಹೊತ್ತಿಗೆ ಬಿಸಿ ನೀರಲ್ಲಿರುವ ಜೀವಿಗೆ ಆಮ್ಲಜನಕ ಜಾಸ್ತಿ ಬೇಕು. ನೀವು ನಿಲ್ಲುವ ಸೊಂಟದ ಮಟ್ಟದ ನೀರೂ ಬಿಸಿಲೇರಿದ ಮೇಲೆ ಒಂದು ದೊಡ್ಡ ಬಕೆಟ್ಟೇ ಅಲ್ವಾ?

ಆ ವಿಡಿಯೋಗಳು ಫ್ಲಾರಿಡಾ, ಟೆಕ್ಸಸ್ ಕಡೆಯವು. ಅಲ್ಲಿ ಚಳಿಗಾಲದಲ್ಲಿ ದಡದ ನೀರು 15 ಡಿಗ್ರಿಗೂ ಇಳಿಯುತ್ತದೆ. ವಸಂತದಲ್ಲಿ 20 ದಾಟಿದಾಗ ಜಡವಾಗಿದ್ದ ಮೀನು ಆಳದಿಂದ ದಡಕ್ಕೆ ಬರುತ್ತದೆ. ನಮ್ಮ ಕಡಲಿಗೆ ಅಂಥ ಚಳಿಯೇ ಇಲ್ಲ. ಏಪ್ರಿಲ್ ಹೊತ್ತಿಗೆ ಹೊರಗಿನ ಕಡಲಿನ ಮೇಲ್ಪದರವೇ 30 ಡಿಗ್ರಿ ಆಗಿರುತ್ತದೆ. ನಮ್ಮ ಮೀನು ತಂಪು ಹುಡುಕಿಕೊಂಡು ದಡ ಬಿಟ್ಟು ಆಳಕ್ಕೆ ಹೋಗುತ್ತದೆ. ಸೇತುವೆ ಕಂಬದ ಬುಡ, ದೋಣಿ ಓಡಾಡುವ ಆಳದ ದಾರಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ನೆರಳು ನೋಡಿ. ನದಿಯಲ್ಲಿ ಹರಿವು ಸಣ್ಣದಾಗಿ ಉಪ್ಪುನೀರು ಮೇಲಕ್ಕೆ ಏರಿರುತ್ತದೆ. ಹಾಗಾಗಿ ಅಳಿವೆಯ ಮೀನು ಇನ್ನೂ ಎಷ್ಟೋ ಮೇಲೆ ಚದುರಿರಬಹುದು.

ಇನ್ನು ಭಾನುವಾರದ ಲೆಕ್ಕ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ವಾರಕ್ಕೆ ಹೆಚ್ಚುಕಡಿಮೆ 6 ಗಂಟೆ. ಅಂದರೆ ಈ ಭಾನುವಾರ ಎಂಟು ಗಂಟೆಗೆ ನೀರು ಏರಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿದಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನಸುಕಿನಲ್ಲಿ ಇಳಿತ ಮುಗಿದು ಭರತ ಶುರುವಾಗುತ್ತದೆ. ಹೊರಗಿನ ತಂಪು ನೀರು ಒಳಗೆ ಬರುವ ಆ ಮೊದಲ ಎರಡು ಗಂಟೆ ನಿಮಗೆ ಬೇಕು. ಅಷ್ಟಮಿಯ ಹತ್ತಿರದ ಭಾನುವಾರ ಸೆಳೆತ ಕಡಿಮೆ, ನಾನಾದರೆ ಸಂಜೆ ಹೋಗುತ್ತೇನೆ.

ತಿಳಿನೀರಿಗೆ ಬಿಳಿ ಬೇಡ, ಕಂದು ಅಥವಾ ಸಿಗಡಿ ಬಣ್ಣ ಹಾಕಿ. ಲೀಡರ್ 25 ಪೌಂಡಿಗೆ ಇಳಿಸಿ, ಉದ್ದ ಮಾಡಿ. ಬಂಡೆ ಇರುವಲ್ಲಿ ಮಾತ್ರ ಇಳಿಸಬೇಡಿ, ಕೆಂಬೇರಿ ಒಂದೇ ಎಳೆತಕ್ಕೆ ಕಡಿಸುತ್ತದೆ. ಬಕೆಟ್ಟಿಗೆ ಒದ್ದೆ ಗೋಣಿ ಹೊದೆಸಿ, ನೀರಿಗೆ ಗಾಳಿ ಊದುವ ಬ್ಯಾಟರಿ ಏರೇಟರ್ ಹಾಕಿ, ಹತ್ತಕ್ಕಿಂತ ಜಾಸ್ತಿ ಸಿಗಡಿ ತುಂಬಬೇಡಿ.

ಗಂಗೊಳ್ಳಿ_ದೋಣಿ
ದಡ ಬಿಟ್ಟು ದೋಣಿಯಲ್ಲಿ ಹೋಗುವವರಿಗೆ ಒಂದು ಮಾತು. ಡಿಸೆಂಬರಿನ ಹಾಗೆ ಮಧ್ಯಾಹ್ನದ ತನಕ ಕೂರಬೇಡಿ. ಈಗ ಹನ್ನೊಂದರ ಹೊತ್ತಿಗೆ ಪಡುಗಾಳಿ ಎದ್ದು ಎರಡು, ಮೂರು ಗಂಟೆಗೆ ಜೋರಾಗುತ್ತದೆ. ಆಗ ಅಳಿವೆಯಲ್ಲಿ ಇಳಿತ ಇದ್ದರೆ ಹೊರಗೆ ಹೋಗುವ ನೀರಿಗೂ ಒಳಗೆ ಬರುವ ಗಾಳಿಗೂ ಡಿಕ್ಕಿ. ಅಲೆ ಕಡಿದಾಗಿ ನಿಲ್ಲುತ್ತದೆ. ಸಣ್ಣ ದೋಣಿ ಮಗುಚುವುದು ಅಲ್ಲೇ. ಗಾಳಿ ಇಲ್ಲದ ದಿನವೂ ದಕ್ಷಿಣದ ದೂರದ ಸಾಗರದಿಂದ ದೊಡ್ಡ ಅಲೆ ಬರುವುದುಂಟು, ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎಚ್ಚರಿಕೆ ಕೊಡುತ್ತದೆ. ಅಲೆ ತಡೆಯುವ ಬ್ರೇಕ್‌ವಾಟರ್ ಕಲ್ಲಿನ ಮೇಲೆ ನಿಲ್ಲುವವರೂ ಹಿಂದಿನ ರಾತ್ರಿ ಅದನ್ನು ನೋಡಲೇಬೇಕು.

ಬ್ರಹ್ಮಾವರ_ಗಾಳ
ಹುಣ್ಣಿಮೆಯ ಮರುದಿನ ರಜೆ ಹಾಕಿ ಹೋದೆ. ಐದೂಮುಕ್ಕಾಲಿಗೆ ಸೇತುವೆ ಹತ್ತಿರ ನಿಂತೆ. ನೀರು ತಿರುಗಿ ಇಪ್ಪತ್ತು ನಿಮಿಷಕ್ಕೆ ಮೊದಲ ಕಡಿತ, ಕಂಬಕ್ಕೆ ಸುತ್ತಿ ಲೀಡರ್ ಹೋಯಿತು. 40ಕ್ಕೆ ವಾಪಸ್ ಹಾಕಿ ಸಿಗಡಿ ಬಿಟ್ಟೆ. ಏಳರೊಳಗೆ ಎರಡು ಕೆಂಬೇರಿ! ಸಣ್ಣದನ್ನು ನೀರಿಗೆ ಬಿಟ್ಟೆ. ಎಂಟರ ಮೇಲೆ ಏನೂ ಇಲ್ಲ. ಸಿಗಡಿ ಒಂಬತ್ತರ ತನಕ ಬದುಕಿದ್ದವು. ಅಣ್ಣ, ನಿಮಗೆ ಎಷ್ಟು ಹೇಳಿದರೂ ಸಾಲದು. ಮಳೆ ಬಿದ್ದ ಮೇಲೆ ಇದೇ ಕ್ರಮವಾ?

ಹಂಗಾರಕಟ್ಟೆ_ದಡ
ತುಂಬಾ ಖುಷಿಯಾಯಿತು. ಕಂಬದ ಹತ್ತಿರ 40 ಹಾಕಿದ್ದು ಸರಿ, ಅದನ್ನು ನಾನೇ ಮೊದಲು ಹೇಳಬೇಕಿತ್ತು. ಮೇ ತಿಂಗಳ ಸಿಡಿಲು ಮಳೆ ಜೋರಾಗಿ ಸುರಿದರೆ ಮೇಲಿನಿಂದ ಕೆಂಪು ನೀರು ಬರುತ್ತದೆ. ಆಗ ಕೆಂಪು ನೀರು, ಹಸಿರು ನೀರು ಕೂಡುವ ಗೆರೆ ಹುಡುಕಿ. ಹಸಿರು ಬದಿಯಿಂದ ಗೆರೆಯ ಉದ್ದಕ್ಕೂ ಎಳೆಯಿರಿ. ಕಲಕಿದ ನೀರಿಗೆ ನಿಮ್ಮ ಬಿಳಿ ಲೂರ್ ಮತ್ತೆ ಕೆಲಸಕ್ಕೆ ಬರುತ್ತದೆ. ಮಳೆ ಪೂರ್ತಿ ನಿಂತ ಮೇಲೆ ಮಾತ್ರ ಹೋಗಿ. ದೂರದಲ್ಲಿ ಗುಡುಗು ಕೇಳಿದರೂ ರಾಡ್ ಕೆಳಗಿಟ್ಟು ಒಳಗೆ ಸೇರಿಕೊಳ್ಳಿ, ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ.