ಅಪ್‌ಡೇಟ್: ತೀರ್ಥಹಳ್ಳಿಗೆ ಹೋಗ್ತಿದ್ದೇವೆ, ತೋಟ ಮಾತ್ರ ಈಗಲೇ ಬೇಡ

ಬೆಂಗಳೂರು ಬಿಟ್ಟು, ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಅಡಿಕೆ ತೋಟ ಕೊಂಡು ನೆಲೆಸಲೇ ಎಂದು ಕೇಳಿದ್ದೆ. ‘ಮೊದಲು ಒಂದು ಮಳೆಗಾಲ ನೋಡಿ’ ಅಂದಿರಿ ಹಲವರು. ಆ ಮಾತಿಗೆ ನಾನು ಋಣಿ.

ಆಷಾಢದಲ್ಲಿ ಹನ್ನೆರಡು ದಿನ ಇದ್ದು ಬಂದೆವು. ಮೂರು ದಿನ ಕರೆಂಟಿಲ್ಲ, ಒಗೆದ ಬಟ್ಟೆ ಒಣಗಲಿಲ್ಲ. ಅದನ್ನೆಲ್ಲ ಸಹಿಸಬಹುದು. ನನ್ನನ್ನು ತಡೆದದ್ದು ತೋಟವೇ. ನೋಡಲು ಹೋದ ಕಡೆ ಸೋಗೆ (ಅಡಿಕೆ ಮರದ ಗರಿ) ತುಂಬ ಎಲೆಚುಕ್ಕಿ ರೋಗ. ಪಕ್ಕದ ತೋಟದ ಅಜ್ಜ ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಕಲೆಸುತ್ತಿದ್ದರು: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ‘ಔಷಧಿ ಮಾಡೋದು ಕಷ್ಟ ಅಲ್ಲ ಮಾರಾಯ್ರೆ, ಮಳೆ ಹೊಳವಾದ ದಿನವೇ ಕೊನೆಗಾರ ಸಿಗ್ಬೇಕಲ್ಲ’ ಅಂದರು. ಕೊನೆಗಾರ ಅಂದರೆ ಮರ ಹತ್ತಿ ಔಷಧಿ ಹೊಡೆಯುವವ. ಒಂದು ಸಲ ಹೊಡೆದರೂ ಸಾಲದು, ಸುಮಾರು 40–45 ದಿನ ಬಿಟ್ಟು ಮತ್ತೆ ಹೊಡೆಯಬೇಕು.

ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ನನಗೆ ಇಲ್ಲದ್ದು ಅನುಭವ.

ಹಾಗಾಗಿ ಒಂದು ವರ್ಷ ಬಾಡಿಗೆ ಮನೆ, ಅದೂ ಪೇಟೆಯಲ್ಲೇ. ಅತ್ತೆಗೆ ಹೃದಯದ ತೊಂದರೆಯಿದೆ. ದೊಡ್ಡ ಆಸ್ಪತ್ರೆಗೆಂದು ಶಿವಮೊಗ್ಗಕ್ಕೆ ಹೋಗಲು ಪೇಟೆಯಿಂದಲೇ ಸುಮಾರು 60 ಕಿ.ಮೀ., ಇನ್ನೂ ಒಳಗೆ ಹೋಗುವ ಧೈರ್ಯವಿಲ್ಲ. ಮುಂದಿನ ಮಳೆಗಾಲಕ್ಕೆ ಔಷಧಿ ಕಲೆಸಲು ಬನ್ನಿ ಎಂದಿದ್ದಾರೆ ಅಜ್ಜ. ಹೋಗುತ್ತೇನೆ.