ಸೈಟ್ ಹೊಸದಾಯಿತು, ಸ್ಕ್ರೀನ್ ರೀಡರ್ ಸುಮ್ಮನಾಯಿತು: ತಪ್ಪು ಯಾರದು?

ಕೇಳುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಎನ್‌ವಿಡಿಎ (ಪುಟದಲ್ಲಿರುವುದನ್ನು ಜೋರಾಗಿ ಹೇಳುವ ಸ್ಕ್ರೀನ್ ರೀಡರ್) ಮತ್ತು ಕ್ರೋಮ್ ಬಳಸುತ್ತೇನೆ. ಟಿಕೆಟ್ ಬುಕ್ ಮಾಡುವ ಸೈಟ್ ಒಂದಿದೆ, ಹೆಸರು ಬೇಡ ಬಿಡಿ. ಅದು ಹಳೇ ರೂಪದಲ್ಲಿದ್ದಾಗ ಕಣ್ಣು ಮುಚ್ಚಿಕೊಂಡು ಬುಕ್ ಮಾಡುತ್ತಿದ್ದೆ (ನಗಬಹುದು). ಈಗ ಇಡೀ ಸೈಟನ್ನು ಹೊಸದು ಮಾಡಿದ್ದಾರೆ. ಕಣ್ಣಿದ್ದವರು ಬಹಳ ಚೆನ್ನಾಗಿದೆ ಅನ್ನುತ್ತಾರೆ. ನನ್ನ ಕಿವಿಗೆ ಬೀಳುವುದು ಮಾತ್ರ ಹೀಗಿದೆ.

ಊರಿನ ಹೆಸರಿನ ಮೊದಲ ಮೂರು ಅಕ್ಷರ ಟೈಪ್ ಮಾಡುತ್ತೇನೆ. ಕೆಳಗೆ ಪಟ್ಟಿ ಬರುತ್ತದಂತೆ. ಎನ್‌ವಿಡಿಎ ತುಟಿ ಬಿಚ್ಚುವುದಿಲ್ಲ. ಡೌನ್ ಆರೋ ಒತ್ತಿದರೂ ಅಷ್ಟೇ. ಟ್ಯಾಬ್ ಒತ್ತಿ ಮುಂದೆ ಹೋದರೆ ಟೈಪ್ ಮಾಡಿದ್ದೇ ಅಳಿಸಿಹೋಗಿರುತ್ತದೆ. ದಿನಾಂಕದ ಹತ್ತಿರ ಹೋದರೆ ‘ಒಂದು ಕ್ಲಿಕಬಲ್, ಎರಡು ಕ್ಲಿಕಬಲ್, ಮೂರು ಕ್ಲಿಕಬಲ್’ ಅಂತ ಮಗ್ಗಿ ಒಪ್ಪಿಸುತ್ತದೆ. ಯಾವ ತಿಂಗಳು ಅಂತ ಹೇಳುವುದಿಲ್ಲ. ಹೇಗೋ ಮಾಡಿ ‘ಹುಡುಕಿ’ ಬಟನ್ ಒತ್ತಿದರೆ ಮತ್ತೆ ಸದ್ದಿಲ್ಲ. ಫಲಿತಾಂಶ ಬಂತೋ, ತಪ್ಪಾಯಿತೋ, ನೆಟ್ ಹೋಯಿತೋ ಒಂದೂ ಗೊತ್ತಾಗುವುದಿಲ್ಲ.

ಗೆಳತಿಯೊಬ್ಬಳು, ‘ಪುಕ್ಕಟೆ ಸಾಫ್ಟ್‌ವೇರ್ ಅಲ್ವಾ, ಹೊಸ ವೆಬ್‌ಸೈಟ್‌ಗಳ ವೇಗಕ್ಕೆ ಬರಲ್ಲ, ಜಾಸ್ ತಗೋ’ ಅಂತಿದ್ದಾಳೆ. ಜಾಸ್ ಅಂದರೆ ದುಡ್ಡು ಕೊಟ್ಟು ಕೊಳ್ಳುವ ಇನ್ನೊಂದು ಸ್ಕ್ರೀನ್ ರೀಡರ್. ನಿಜವಾ? ಈ ವಾರ ನನಗೆ ಟಿಕೆಟ್ ಬೇಕೇ ಬೇಕು. ಏನು ಮಾಡಲಿ?

ಇನ್ಸರ್ಟ್ ಕೀ ಉತ್ತರ:

ಜಾಸ್‌ಗೆ ದುಡ್ಡು ಹಾಕುವ ಮೊದಲು ಸ್ವಲ್ಪ ತಾಳಿ. ನನಗೂ ಕಣ್ಣು ಕಾಣುವುದಿಲ್ಲ. ಹೊಟ್ಟೆಪಾಡಿಗೆ ಮಾಡುವ ಕೆಲಸವೇ ವೆಬ್‌ಸೈಟ್‌ಗಳನ್ನು ಸ್ಕ್ರೀನ್ ರೀಡರ್‌ನಲ್ಲಿ ಪರೀಕ್ಷೆ ಮಾಡುವುದು. ಜಾಸ್, ಎನ್‌ವಿಡಿಎ ಎರಡೂ ದಿನಾ ಕಿವಿಯಲ್ಲಿರುತ್ತವೆ.

ಪುಕ್ಕಟೆ ಅಂದ ಮಾತ್ರಕ್ಕೆ ಹಿಂದೆ ಬಿದ್ದಿದೆ ಅನ್ನುವುದು ಸುಳ್ಳು. ಎನ್‌ವಿಡಿಎಯನ್ನು 2006ರಲ್ಲಿ ಶುರು ಮಾಡಿದ ಮೈಕಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ವೆಬ್‌ಸೈಟ್‌ಗಳು ಅಂಗವಿಕಲರಿಗೂ ಬಳಸಲು ಬರಬೇಕು ಅಂತ ಕೆಲಸ ಮಾಡುವ ವೆಬ್‌ಏಮ್ ಸಂಸ್ಥೆ 2023ರ ಕೊನೆಗೆ ಶುರು ಮಾಡಿದ ಬಳಕೆದಾರರ ಸಮೀಕ್ಷೆಯಲ್ಲಿ ಜಾಸ್ ನನ್ನ ಮುಖ್ಯ ಸ್ಕ್ರೀನ್ ರೀಡರ್ ಅಂದವರು ಶೇ. 40.5, ಎನ್‌ವಿಡಿಎ ಅಂದವರು ಶೇ. 37.7. ಹೆಚ್ಚುಕಡಿಮೆ ಸಮಸಮ.

ನಿಮ್ಮ ಗೆಳತಿಗೆ ಒಂದು ವಿಷಯ ಹೇಳಿ. ಸ್ಕ್ರೀನ್ ರೀಡರ್ ಅಂತ ಹೆಸರಿದ್ದರೂ ಅದು ಸ್ಕ್ರೀನ್ ನೋಡಿ ಓದುವುದಿಲ್ಲ. ಬ್ರೌಸರ್ ಪ್ರತಿ ಪುಟಕ್ಕೂ ತೆರೆಮರೆಯಲ್ಲಿ ಇನ್ನೊಂದು ರೂಪ ಕಟ್ಟಿಕೊಡುತ್ತದೆ. ಅದಕ್ಕೆ ಅಕ್ಸೆಸಿಬಿಲಿಟಿ ಟ್ರೀ ಅನ್ನುತ್ತಾರೆ. ಇದು ಬಟನ್, ಇದರ ಹೆಸರು ‘ಹುಡುಕಿ’, ಇದು ಈಗ ಒತ್ತಲು ಬರುವುದಿಲ್ಲ, ಹೀಗೆ ಒಂದೊಂದಕ್ಕೂ ಜಾತಿ, ಹೆಸರು, ಸ್ಥಿತಿ ಅದರಲ್ಲಿರುತ್ತದೆ. ಎನ್‌ವಿಡಿಎ ಅದರ ಒಂದು ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ನೀವು ಆರೋ ಒತ್ತುವಾಗ, ಹೆಡ್ಡಿಂಗ್‌ಗೆ ಎಚ್ ಒತ್ತುವಾಗ ಓಡಾಡುವುದು ಆ ಪ್ರತಿಯಲ್ಲಿ. ಟ್ರೀಯಲ್ಲೇ ಇಲ್ಲದ್ದನ್ನು ಎನ್‌ವಿಡಿಎಯೂ ಹೇಳಲಾರದು, ಜಾಸೂ ಹೇಳಲಾರದು. ಜಾಸ್ ಕೆಲವು ಕಡೆ ಅಕ್ಕಪಕ್ಕದ ಅಕ್ಷರ ನೋಡಿ ಊಹೆ ಮಾಡುತ್ತದೆ, ಅದು ನಿಜ. ಊಹೆ ಸರಿಯಿದ್ದರೆ ದೇವರು. ತಪ್ಪಿದರೆ ಹೆಸರಿನ ಜಾಗದಲ್ಲಿ ಫೋನ್ ನಂಬರ್ ತುಂಬಿ ಕಳಿಸಿರುತ್ತೀರಿ.

ಈಗ ನಿಮ್ಮ ಸೈಟ್‌ಗೆ ಬರೋಣ. ‘ಕ್ಲಿಕಬಲ್’ ಅಂತ ಕೇಳಿಸಿತು ಅಂದರೆ ನನಗೆ ಅರ್ಧ ಕಥೆ ಗೊತ್ತಾಯಿತು. ಬರೆದವರು ಬಟನ್ ಹಾಕಿಲ್ಲ. ಖಾಲಿ ಡಿವ್ (ಯಾವ ಅರ್ಥವೂ ಇಲ್ಲದ ಬರೀ ಡಬ್ಬಿಯಂಥ ಕೋಡ್) ಇಟ್ಟು ಬಣ್ಣ ಬಳಿದು ಬಟನ್ ಥರ ಕಾಣಿಸಿದ್ದಾರೆ. ಮೌಸ್ ಕ್ಲಿಕ್ ಕೇಳಿಸಿಕೊಳ್ಳುವ ಕೋಡ್ ಮಾತ್ರ ಅದರಲ್ಲಿದೆ. ಟ್ಯಾಬ್ ಅಲ್ಲಿ ನಿಲ್ಲುವುದಿಲ್ಲ. ಇಲ್ಲೇನೋ ಕ್ಲಿಕ್ ಮಾಡಬಹುದು ಅಂತ ಎನ್‌ವಿಡಿಎ ತಾನೇ ಪತ್ತೆ ಮಾಡಿ ‘ಕ್ಲಿಕಬಲ್’ ಅನ್ನುತ್ತಿದೆ. ಅಂದರೆ ನೀವು ದೂರುತ್ತಿರುವ ಜಾಗದಲ್ಲಿ ಅದು ತನ್ನ ಪಾಲಿಗಿಂತ ಜಾಸ್ತಿಯೇ ಕೆಲಸ ಮಾಡಿದೆ.

ಊರಿನ ಪಟ್ಟಿಯದು ಬೇರೆ ರೋಗ. ಅಂಥ ಬಾಕ್ಸ್‌ಗಳಲ್ಲಿ ಫೋಕಸ್, ಅಂದರೆ ಕೀಬೋರ್ಡ್ ಈಗ ನಿಂತಿರುವ ಜಾಗ, ಟೈಪ್ ಮಾಡುವ ಬಾಕ್ಸ್‌ನಲ್ಲೇ ಇರುತ್ತದೆ. ಪಟ್ಟಿಯಲ್ಲಿ ಈಗ ಯಾವುದರ ಮೇಲಿದ್ದೇವೆ ಅಂತ ಕೋಡ್‌ನಲ್ಲಿ ಬೇರೆಯಾಗಿ ತೋರಿಸಿಕೊಡಬೇಕು. ಏರಿಯಾ (ARIA) ಅಂತ ಕೇಳಿರಬಹುದು, ಸ್ಕ್ರೀನ್ ರೀಡರ್‌ಗಾಗಿ ಕೋಡ್‌ಗೆ ಸೇರಿಸುವ ಮಾಹಿತಿ. ಅದರಲ್ಲಿ ಏರಿಯಾ-ಆಕ್ಟಿವ್‌ಡಿಸೆಂಡೆಂಟ್ ಅಂತ ಒಂದಿದೆ. ಅದನ್ನು ಬರೆಯದಿದ್ದರೆ, ಅಥವಾ ಇಲ್ಲದ ಐಡಿಯನ್ನು ಬರೆದಿದ್ದರೆ, ಕಣ್ಣಿಗೆ ನೀಲಿ ಗೆರೆ ಕೆಳಕ್ಕೆ ಇಳಿಯುತ್ತಿರುತ್ತದೆ, ಕಿವಿಗೆ ಏನೂ ಇಲ್ಲ.

‘ಹುಡುಕಿ’ ಒತ್ತಿದ ಮೇಲಿನ ಮೌನ ಇವತ್ತಿನ ವೆಬ್‌ನ ದೊಡ್ಡ ತಲೆನೋವು. ಮೊದಲು ಬಟನ್ ಒತ್ತಿದರೆ ಹೊಸ ಪುಟ ಬರುತ್ತಿತ್ತು. ಪುಟ ಬಂದ ಕೂಡಲೇ ಎನ್‌ವಿಡಿಎ ಹೆಸರು ಹೇಳಿ ಓದಲು ಶುರು ಮಾಡುತ್ತಿತ್ತು. ಈಗ ಪುಟ ಬದಲಾಗುವುದೇ ಇಲ್ಲ. ಸ್ಕ್ರಿಪ್ಟ್ ಮಧ್ಯದ ಭಾಗವನ್ನಷ್ಟೇ ಕಿತ್ತು ಹೊಸದು ಕೂರಿಸುತ್ತದೆ. ಬ್ರೌಸರ್ ಲೆಕ್ಕದಲ್ಲಿ ನೀವು ಇನ್ನೂ ಅದೇ ಪುಟದಲ್ಲಿದ್ದೀರಿ. ಸೈಟಿನವರು ಒಂದೋ ಫೋಕಸನ್ನು ಫಲಿತಾಂಶದ ಹೆಡ್ಡಿಂಗ್‌ಗೆ ಒಯ್ಯಬೇಕು, ಇಲ್ಲವೇ ಲೈವ್ ರೀಜನ್ (ಅಕ್ಷರ ಬದಲಾದರೆ ಸ್ಕ್ರೀನ್ ರೀಡರ್ ತಾನಾಗಿ ಓದುವ ಜಾಗ) ಹಾಕಿ ‘12 ಫಲಿತಾಂಶ ಸಿಕ್ಕಿದೆ’ ಅಂತ ಹೇಳಿಸಬೇಕು. ಎರಡೂ ಮಾಡದಿದ್ದರೆ ನಾವು ಕತ್ತಲಲ್ಲಿ.

ಟಿಕೆಟ್ ಬೇಕಲ್ವಾ, ಹೀಗೆ ಮಾಡಿ ನೋಡಿ. ಅಕ್ಷರ ಟೈಪ್ ಮಾಡಿದ ಮೇಲೆ ಟ್ಯಾಬ್ ಒತ್ತಬೇಡಿ. ಇನ್ಸರ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬ್ರೌಸ್ ಮೋಡ್‌ಗೆ, ಅಂದರೆ ಟೈಪ್ ಮಾಡದೆ ಪುಟದಲ್ಲಿ ಓಡಾಡುವ ಸ್ಥಿತಿಗೆ, ಬನ್ನಿ. ಆಮೇಲೆ ಕಂಟ್ರೋಲ್-ಎಂಡ್ ಒತ್ತಿ ಪುಟದ ತುದಿಗೆ ಹೋಗಿ, ಅಲ್ಲಿಂದ ಅಪ್ ಆರೋ ಒತ್ತುತ್ತಾ ಮೇಲಕ್ಕೆ ಬನ್ನಿ. ಕಣ್ಣಿಗೆ ಬಾಕ್ಸ್‌ನ ಕೆಳಗೇ ಕಾಣುವ ಇಂಥ ಪಟ್ಟಿಗಳನ್ನು ಕೋಡ್‌ನಲ್ಲಿ ಎಷ್ಟೋ ಸಲ ಪುಟದ ಕಟ್ಟಕಡೆಗೆ ತಂದು ಅಂಟಿಸಿರುತ್ತಾರೆ. ಬೇಕಾದ ಊರು ಕೇಳಿಸಿದಾಗ ಎಂಟರ್. ಹುಡುಕಿದ ಮೇಲೆ ಏನೂ ಕೇಳಿಸದಿದ್ದರೆ ಹೆಡ್ಡಿಂಗ್‌ಗೆ ಎಚ್ ಅಥವಾ ಪುಟದ ಮುಖ್ಯ ಭಾಗಗಳಿಗೆ ಡಿ ಒತ್ತಿ, ಹೊಸದೇನಾದರೂ ಬಂದಿರಬಹುದು. ಹಳೇದನ್ನೇ ಓದುತ್ತಿದೆ ಅನಿಸಿದರೆ ಇನ್ಸರ್ಟ್-ಎಫ್5 ಒತ್ತಿದರೆ ಎನ್‌ವಿಡಿಎ ತನ್ನ ಪ್ರತಿಯನ್ನು ಹೊಸದಾಗಿ ತೆಗೆದುಕೊಳ್ಳುತ್ತದೆ. ಇನ್ನೊಂದು: ಇನ್ಸರ್ಟ್-5 ಯಾವಾಗಲೋ ಕೈತಪ್ಪಿ ಒತ್ತಿದ್ದರೆ, ಪುಟದಲ್ಲಿ ತಾನಾಗಿ ಬದಲಾಗುವುದನ್ನು ಹೇಳುವುದೇ ನಿಂತಿರುತ್ತದೆ. ಮತ್ತೊಮ್ಮೆ ಒತ್ತಿದರೆ ‘ಆನ್’ ಅನ್ನುತ್ತದೆ.

ಜಾಸ್ ನೋಡಲೇಬೇಕು ಅಂದರೆ ದುಡ್ಡು ಕೊಡದೆ 40 ನಿಮಿಷ ಓಡುತ್ತದೆ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಅಷ್ಟರಲ್ಲಿ ಈ ಒಂದು ಸೈಟ್ ಪರೀಕ್ಷೆ ಮಾಡಬಹುದು.

ಅರೆಬರೆ ಕೋಡರ್ ಉತ್ತರ:

ನಾನು ಆಚೆ ಬದಿಯವನು, ಸೈಟ್ ಕಟ್ಟುವವನು. ಮೇಲೆ ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ನಮ್ಮ ಕಡೆಯದೂ ಸ್ವಲ್ಪ ಕೇಳಿ. ಊರಿನ ಪಟ್ಟಿ ಇದೆಯಲ್ಲ, ಕಾಂಬೋಬಾಕ್ಸ್, ಅದನ್ನು ಹೇಗೆ ಬರೆಯಬೇಕು ಅಂತ ಏರಿಯಾ ನಿಯಮವೇ ಮೂರು ಥರ ಹೇಳಿದೆ. 2014ರ 1.0 ಆವೃತ್ತಿಯಲ್ಲಿ ಒಂದು. 2017ರ 1.1ರಲ್ಲಿ ಬಾಕ್ಸ್‌ನ ಹೊರಗೆ ಇನ್ನೊಂದು ಹೊದಿಕೆ ಹಾಕಿ ಅಂತ ಬೇರೆ. ಅದು ಸ್ಕ್ರೀನ್ ರೀಡರ್‌ಗಳಲ್ಲಿ ಸರಿ ಹೋಗಲಿಲ್ಲ. 2023ರ 1.2ರಲ್ಲಿ ಹೊದಿಕೆ ತೆಗೆದು ಬಾಕ್ಸ್‌ಗೇ ವಾಪಸ್. ಮಧ್ಯದ ಕಾಲದಲ್ಲಿ ನಿಯಮ ನೋಡಿಯೇ ಬರೆದ ಲೈಬ್ರರಿಗಳು (ಸಿದ್ಧ ಕೋಡ್) ಇನ್ನೂ ಎಷ್ಟೋ ಸೈಟ್‌ಗಳಲ್ಲಿ ಓಡುತ್ತಿವೆ. ಅವರನ್ನು ಸೋಮಾರಿಗಳು ಅನ್ನೋಕಾಗುತ್ತಾ?

ಒಂದೇ ಕೋಡ್ ಎನ್‌ವಿಡಿಎಯಲ್ಲಿ ಮಾತಾಡುತ್ತದೆ, ಆಪಲ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್‌ನಲ್ಲಿ ಸುಮ್ಮನಿರುತ್ತದೆ. ಲೈವ್ ರೀಜನ್ ಖಾಲಿಯಾಗಿ ಮೊದಲೇ ಪುಟದಲ್ಲಿರಬೇಕು, ಆಮೇಲೆ ಅಕ್ಷರ ತುಂಬಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಲವು ಓದುತ್ತವೆ, ಕೆಲವು ಓದುವುದಿಲ್ಲ. ಇದೆಲ್ಲ ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ.

ಆದರೆ ದಿನಾಂಕದ ಡಿವ್‌ಗೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಬ್ರೌಸರ್‌ನಲ್ಲೇ ದಿನಾಂಕದ ಇನ್‌ಪುಟ್ ಇದೆ. ಅದರ ಬಣ್ಣ ನಮ್ಮ ಡಿಸೈನ್‌ಗೆ ಹೊಂದುವುದಿಲ್ಲ ಅಂತ ಮೀಟಿಂಗ್‌ನಲ್ಲಿ ಯಾರೋ ಒಬ್ಬರು ಹೇಳುತ್ತಾರೆ, ಮುಗಿಯಿತು.

ಇನ್ನು ಮುಂದಕ್ಕೆ ಡಿವ್ ಕೂಡ ಇರುವುದಿಲ್ಲ ನೋಡಿ. ಗೂಗಲ್ ಡಾಕ್ಸ್ 2021ರಲ್ಲಿ ಬರಹವನ್ನು ಕ್ಯಾನ್ವಾಸ್ ಮೇಲೆ ಬಿಡಿಸುವುದಾಗಿ ಹೇಳಿತು. ಕ್ಯಾನ್ವಾಸ್ ಅಂದರೆ ಬರೀ ಚಿತ್ರ. ಸ್ಕ್ರೀನ್ ರೀಡರ್‌ಗೆ ಬೇಕಾದ್ದನ್ನು ಪಕ್ಕದಲ್ಲಿ ಬೇರೆಯೇ ಕಟ್ಟಿಕೊಡಬೇಕು. ಫ್ಲಟರ್ ಅನ್ನುವ ಗೂಗಲ್‌ನ ಸಾಧನದಲ್ಲಿ ಮಾಡಿದ ವೆಬ್‌ಸೈಟ್‌ಗಳೂ ಹಾಗೆ. ಪುಟ ಖಾಲಿ ಅನಿಸಿದರೆ ಟ್ಯಾಬ್ ಒತ್ತಿ ‘ಎನೇಬಲ್ ಅಕ್ಸೆಸಿಬಿಲಿಟಿ’ ಅಂತ ಕಣ್ಣಿಗೆ ಕಾಣದ ಬಟನ್ ಸಿಗುತ್ತದಾ ನೋಡಿ. ಅದನ್ನು ಒತ್ತಿದ ಮೇಲೆಯೇ ಅಲ್ಲಿ ಟ್ರೀ ಹುಟ್ಟುವುದು.

ಸಿಡುಕ ಉತ್ತರ:

ಟಿಕೆಟ್ ಬೇಕಾದವರು ಕೋಡ್‌ನ ತಪ್ಪು ಹುಡುಕುತ್ತಾ ಡಿಬಗ್ ಮಾಡಬೇಕಾ? ಕಂಟ್ರೋಲ್-ಎಂಡ್ ಅಂತೆ, ಮೇಲಕ್ಕೆ ಬನ್ನಿ ಅಂತೆ. ಸೈಟಿನ ಮೂಲೆಯಲ್ಲಿ ಗಾಲಿಕುರ್ಚಿ ಚಿತ್ರದ ಬಟನ್ ಇರುತ್ತಲ್ಲ, ಒತ್ತಿದರೆ ಎಲ್ಲ ಸರಿಯಾಗುತ್ತೆ ಅಂತ ಜಾಹೀರಾತು ಕೊಡ್ತಾರಪ್ಪ.

ಇನ್ಸರ್ಟ್ ಕೀ ಉತ್ತರ:

ಸಿಡುಕ ಅವರೇ, ಆ ಬಟನ್‌ಗಳಿಗೆ ಓವರ್‌ಲೇ ಅನ್ನುತ್ತಾರೆ. ಹೆಸರಿಲ್ಲದ ಬಟನ್‌ಗೆ ಹೆಸರು ಊಹಿಸಬಹುದು, ಅಕ್ಷರ ದೊಡ್ಡದು ಮಾಡಬಹುದು. ಫೋಕಸ್ ಎಲ್ಲಿಗೆ ಹೋಗಬೇಕು ಅನ್ನುವುದು ಸೈಟಿನವರ ಕೋಡ್‌ನಲ್ಲಿದೆ, ಅದನ್ನು ಹೊರಗಿನಿಂದ ತಿದ್ದಲು ಬರುವುದಿಲ್ಲ. ಯಾವ ಸೈಟನ್ನು ಬೇಕಾದರೂ ನಿಯಮಕ್ಕೆ ಸರಿಯಾಗಿ ಮಾಡುತ್ತೇವೆ ಅಂತ ಸಾರಿದ ಒಂದು ಓವರ್‌ಲೇ ಕಂಪನಿಯಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿದೆ. ನಾನಂತೂ ಕೆಲಸ ಶುರು ಮಾಡುವ ಮೊದಲು ಅದನ್ನು ಆಫ್ ಮಾಡುವ ಬಟನ್ ಹುಡುಕುತ್ತೇನೆ.

ಡಿಬಗ್ ಮಾಡಬೇಕಾ ಅಂದರೆ, ಮಾಡಬಾರದು. ಖಂಡಿತ ಮಾಡಬಾರದು. ಆದರೆ ವೆಬ್‌ಏಮ್ 2025ರಲ್ಲಿ 10 ಲಕ್ಷ ಮುಖಪುಟಗಳನ್ನು ಯಂತ್ರದಿಂದ ತಪಾಸಣೆ ಮಾಡಿದಾಗ ಶೇ. 94.8ರಲ್ಲಿ ತಪ್ಪು ಸಿಕ್ಕಿದೆ. ಅವೆಲ್ಲ ರಿಪೇರಿಯಾಗುವ ತನಕ ಕಾಯುತ್ತಾ ಕೂತರೆ ಗಾಡಿ ಹೊರಟುಹೋಗುತ್ತದೆ.

ಕೋಡರ್ ಅವರೇ, ಕಾಂಬೋಬಾಕ್ಸ್ ವಿಷಯ ಒಪ್ಪಿದೆ. ಸ್ಕ್ರೀನ್ ರೀಡರ್, ಬ್ರೌಸರ್‌ಗಳದ್ದೂ ಪಾಲಿದೆ, ಇಲ್ಲ ಅನ್ನುವುದಿಲ್ಲ. ಫೈರ್‌ಫಾಕ್ಸ್ 2023ರ 113ನೇ ಆವೃತ್ತಿಯಲ್ಲಿ ಟ್ರೀ ಕಟ್ಟುವ ಭಾಗವನ್ನು ಬದಲಾಯಿಸಿಕೊಂಡ ಮೇಲೆ ದೊಡ್ಡ ಪುಟಗಳು ನನಗೆ ಎಷ್ಟು ಸಲೀಸಾದವು ಅಂದರೆ, ಅದಕ್ಕೂ ಮೊದಲು ಬೈಸಿಕೊಂಡ ಸೈಟ್‌ಗಳಲ್ಲಿ ಕೆಲವು ಪಾಪ ಸುಮ್ನೆ ಬೈಸಿಕೊಂಡಿದ್ದವು. ಕೇಳುಗಿ ಅವರೇ, ಅದಕ್ಕೇ ಬ್ರೌಸರ್, ಎನ್‌ವಿಡಿಎ ಎರಡನ್ನೂ ಅಪ್‌ಡೇಟ್ ಮಾಡಿಟ್ಟುಕೊಳ್ಳಿ. ಕ್ರೋಮ್‌ನಲ್ಲಿ ಆಗದ್ದು ಫೈರ್‌ಫಾಕ್ಸ್‌ನಲ್ಲಿ ಆಗಬಹುದು.

ಕೇಳುಗಿ ಉತ್ತರ:

ಪಟ್ಟಿ ಸಿಕ್ಕಿತು! ಪುಟದ ಕಟ್ಟಕಡೆಗೇ ಇತ್ತು, ಕಾಪಿರೈಟ್ ಸಾಲಿನ ಕೆಳಗೆ. ತಿಂಗಳ ಹೆಸರು ದಿನಾಂಕಗಳಿಗಿಂತ ಮೇಲೆ ಸಾದಾ ಅಕ್ಷರದಲ್ಲಿತ್ತು, ಅಪ್ ಆರೋ ಒತ್ತಿ ಹುಡುಕಿಕೊಂಡೆ. ಫಲಿತಾಂಶಕ್ಕೆ ಎಚ್ ಕೆಲಸ ಮಾಡಿತು. ಸೀಟ್ ಆರಿಸುವ ಜಾಗದಲ್ಲಿ ಮಾತ್ರ ‘ಗ್ರಾಫಿಕ್, ಗ್ರಾಫಿಕ್’ ಬಿಟ್ಟರೆ ಏನೂ ಇಲ್ಲ. ಸೀಟ್ ಯಾವುದಾದರೂ ಇರಲಿ ಅಂತ ಬಿಟ್ಟು ಮುಂದೆ ಹೋದೆ, ಬುಕ್ ಆಯಿತು.

ಸಿಟ್ಟು ತಡೆಯಲಾಗದೆ ಅವರ ಸಹಾಯವಾಣಿಗೆ ಬರೆದೆ. ಬಂದ ಉತ್ತರ: ‘ತೊಂದರೆಯಾದ ಪುಟದ ಸ್ಕ್ರೀನ್‌ಶಾಟ್ ಕಳಿಸಿ.’ ಸ್ಕ್ರೀನ್‌ಶಾಟ್‌ನಲ್ಲಿ ಪುಟ ಅಂದವಾಗಿಯೇ ಕಾಣುತ್ತದಲ್ಲ! ಮೌನದ ಫೋಟೋ ಹೇಗೆ ತೆಗೆಯಲಿ?

ಇನ್ಸರ್ಟ್ ಕೀ ಉತ್ತರ:

ತೆಗೆಯಬಹುದು. ಇನ್ಸರ್ಟ್-ಎನ್ ಒತ್ತಿ, ಟೂಲ್ಸ್‌ಗೆ ಹೋಗಿ, ಸ್ಪೀಚ್ ವ್ಯೂವರ್ ಆನ್ ಮಾಡಿ. ಎನ್‌ವಿಡಿಎ ಹೇಳಿದ ಪ್ರತಿಯೊಂದು ಮಾತೂ ಒಂದು ಕಿಟಕಿಯಲ್ಲಿ ಅಕ್ಷರವಾಗಿ ಬೀಳುತ್ತದೆ. ಸೀಟ್ ಪುಟದಲ್ಲಿ ಆರೋ ಒತ್ತುತ್ತಾ ಹೋಗಿ, ಆಮೇಲೆ ಪ್ರಿಂಟ್ ಸ್ಕ್ರೀನ್ ಒತ್ತಿ ಅದನ್ನೇ ಕಳಿಸಿ. ಪಕ್ಕದಲ್ಲಿ ಅವರ ಚೆಂದದ ಸೀಟಿನ ನಕ್ಷೆ, ಈ ಕಡೆ ಕಿಟಕಿ ತುಂಬ ‘ಗ್ರಾಫಿಕ್ ಗ್ರಾಫಿಕ್ ಗ್ರಾಫಿಕ್’. ಜೊತೆಗೆ ಕ್ರೋಮ್ ಮತ್ತು ಎನ್‌ವಿಡಿಎ ಆವೃತ್ತಿ, ಯಾವ ಕೀ ಒತ್ತಿದಿರಿ, ಏನು ಕೇಳಿಸಬೇಕಿತ್ತು ಅಂತ ನಾಲ್ಕು ಸಾಲು ಬರೆಯಿರಿ. ‘ಸೈಟ್ ಕೆಲಸ ಮಾಡುವುದಿಲ್ಲ’ ಅಂತ ಮಾತ್ರ ಬರೆಯಬೇಡಿ. ಅವರ ಕಂಪ್ಯೂಟರ್‌ನಲ್ಲಿ ಮಾಡುತ್ತದೆ, ನಿಮ್ಮ ದೂರನ್ನು ಕ್ಲೋಸ್ ಮಾಡಿಬಿಡುತ್ತಾರೆ.

ಅರೆಬರೆ ಕೋಡರ್ ಉತ್ತರ:

ಆ ಸ್ಕ್ರೀನ್‌ಶಾಟ್ ಇಲ್ಲೂ ಹಾಕಿ, ಜೊತೆಗೆ ಸ್ಪೀಚ್ ವ್ಯೂವರ್‌ನ ಅಕ್ಷರಗಳನ್ನೂ ಪೇಸ್ಟ್ ಮಾಡಿ. ಸೀಟ್‌ಗಳನ್ನು ನಿಜವಾದ ಚೆಕ್‌ಬಾಕ್ಸ್ ಮಾಡಿ, ‘14, ಕಿಟಕಿ ಪಕ್ಕ, ಖಾಲಿ ಇದೆ’ ಅಂತ ಹೆಸರು ಕೊಟ್ಟರೆ ಹೇಗಿರುತ್ತದೆ ಅಂತ ಒಂದು ಸಣ್ಣ ಮಾದರಿ ಬರೆದುಕೊಡುತ್ತೇನೆ. ದೂರಿನ ಜೊತೆ ಅದನ್ನೂ ಸೇರಿಸಿ ಕಳಿಸಿ.